ಕುಲನಾಮವೊಂದು ಕ್ರಿಯಾಪದವಾದ ಬಗೆ

ಚುನಾವಣೆಗೆ ಬಹಿಷ್ಕಾರ, ಸಭೆಗೆ ಬಹಿಷ್ಕಾರ, ವಿದೇಶಿ ಸರಕಿಗೆ ಬಹಿಷ್ಕಾರ: ಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ಮಾತುಗಳಿವು. ಇದಕ್ಕೆ ಸಮನಾದ ‘ಬಾಯ್ಕಾಟ್’ ಎಂಬ ಇಂಗ್ಲಿಷ್ ಪದವು ಯಾವ ಧಾತುವಿನಿಂದಲೂ ಹುಟ್ಟಿದ್ದಲ್ಲ, ಒಬ್ಬ ಮನುಷ್ಯನ ಕುಲನಾಮದಿಂದ ಬಂದದ್ದು.

ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬಾತನು ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ ಅರ್ನ್ ಪ್ರಭುವಿನ ಜಮೀನುಗಳ ಪಾರುಪತ್ಯಗಾರನಾಗಿದ್ದನು. 1880ರಲ್ಲಿ ಬಡ ಗೇಣಿದಾರರು ಗೇಣಿಯಲ್ಲಿ ಶೇಕಡಾ 25ರಷ್ಟು ಕಡಿತ ಬೇಡಿದರು. ಪ್ರಭು ಒಪ್ಪಿದ್ದು ಶೇಕಡಾ 10 ಮಾತ್ರ. ಬಾಯ್ಕಾಟನು ಒಕ್ಕಲೆಬ್ಬಿಸಲು ಮುಂದಾದನು. ಆಗ ಜನರು ಕೈ ಎತ್ತಲಿಲ್ಲ, ಕೈ ಹಿಂತೆಗೆದರು. ಆಳುಗಳು ಹೊಲ ತೊರೆದರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಕಮ್ಮಾರನು ಲಾಳ ಕಟ್ಟಲಿಲ್ಲ. ಬೆಳೆ ಕೀಳಲು ಹೊರಗಿನಿಂದ 50 ಮಂದಿ ಬಂದರು. ಅವರ ಕಾವಲಿಗೆ ಸುಮಾರು 1,000 ಸೈನಿಕರು ಮತ್ತು ಪೊಲೀಸರು! ಸುಮಾರು 500 ಪೌಂಡ್ ಬೆಲೆಯ ಬೆಳೆಗಾಗಿ 10,000 ಪೌಂಡ್ ವೆಚ್ಚವಾಯಿತೆಂದು ಅಂದಾಜು. ಅದೇ ವರ್ಷಾಂತ್ಯಕ್ಕೆ ಬಾಯ್ಕಾಟನು ಐರ್ಲೆಂಡನ್ನು ಬಿಟ್ಟುಹೋದನು; ಹೆಸರು ಮಾತ್ರ ಉಳಿಯಿತು.

ಈ ಪದವನ್ನು ಟಂಕಿಸಿದವರು ಆ ಊರಿನ ಧರ್ಮಕೇಂದ್ರದ ಗುರುಗಳಾದ ಫಾದರ್ ಜಾನ್ ಒ’ಮ್ಯಾಲಿ ಎಂದು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ದಾಖಲಿಸಿದ್ದಾನೆ. ಪಂಡಿತರ ಗ್ರೀಕ್ ಮೂಲದ ಪದವು ರೈತರಿಗೆ ತಿಳಿಯದೆಂದು ಗುರುಗಳು ಆ ಅಧಿಕಾರಿಯ ಹೆಸರನ್ನೇ ಕ್ರಿಯಾಪದವಾಗಿಸಿದರಂತೆ.

ಆದರೆ 1888ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳ ಕಾಲದಲ್ಲಿ, ರೋಮಿನ ಧರ್ಮಪೀಠವು ಐರ್ಲೆಂಡಿನ ಬಾಯ್ಕಾಟನ್ನು ಖಂಡಿಸಿತು. ಒಪ್ಪಿದ ಗೇಣಿಯನ್ನು ಸಲ್ಲಿಸಿದವನನ್ನು, ತೆರವಾದ ಹೊಲವನ್ನು ಹಿಡಿದವನನ್ನು ಪೀಡಿಸುವುದು ನ್ಯಾಯಕ್ಕೂ ಪ್ರೀತಿಗೂ ವಿರುದ್ಧವೆಂಬುದು ಅದರ ನಿಲುವು. ಗುರುವೊಬ್ಬರು ಹೆಸರಿಟ್ಟ ಅಸ್ತ್ರವನ್ನು ಧರ್ಮಸಭೆಯೇ ನಿಷೇಧಿಸಿತು!

ಯಾವ ಕೃತ್ಯವನ್ನಾದರೂ ಅದರ ಸ್ವರೂಪ, ಉದ್ದೇಶ, ಸಂದರ್ಭ ಎಂಬ ಮೂರರಿಂದಲೂ ತೂಗಬೇಕೆಂದು ನಾವು ಗುರುಮಠದಲ್ಲಿ ಕಲಿತೆವು. ಮೇಯೊದ ಆಳು ತನ್ನ ದುಡಿಮೆಯನ್ನು ಹಿಂತೆಗೆದುಕೊಂಡನು. ಅದು ಅವನ ಸ್ವತ್ತು. ನೆರೆಯವನನ್ನು ಬೆದರಿಸಿ ತನ್ನ ಪಕ್ಷಕ್ಕೆಳೆಯುವುದಾದರೋ ಬೇರೆಯೇ ಕೃತ್ಯ.

ನಮ್ಮ ಹಳ್ಳಿಗಳಲ್ಲಿ ‘ಬಹಿಷ್ಕಾರ’ವೆಂದರೆ ಬಹುಕಾಲದಿಂದ ಬಲಿಷ್ಠರು ದುರ್ಬಲರಿಗೆ ನೀರು, ಕೂಲಿ, ದಿನಸಿಗಳನ್ನು ತಪ್ಪಿಸುವ ಶಿಕ್ಷೆ. ಪದ ಒಂದೇ, ಅಸ್ತ್ರವೂ ಒಂದೇ, ಗುರಿ ಮಾತ್ರ ತಿರುಗಿದೆ. ಆದುದರಿಂದ ಯಾರಾದರೂ ಬಹಿಷ್ಕಾರಕ್ಕೆ ಕರೆ ನೀಡಿದಾಗ ನಾವು ಮೊದಲು ಕೇಳಬೇಕಾದುದು ಇಷ್ಟೇ: ಇಲ್ಲಿ ನಾವು ನಮ್ಮದನ್ನು ಹಿಂತೆಗೆಯುತ್ತಿರುವೆವೋ, ಇಲ್ಲವೇ ಇನ್ನೊಬ್ಬನ ಅನ್ನವನ್ನು ಕಸಿಯುತ್ತಿರುವೆವೋ?