*ಆರೋಗ್ಯ ಮಾಲಿಕೆ: ಹೆವಿ ಲೈಸೆನ್ಸ್‌ಗೆ ಮುನ್ನ ಮೈ ಪರೀಕ್ಷೆ*



ಮುಂಬೈ, ಪುಣೆಯಿಂದ ಊರಿಗೆ ಹೊರಟ ರಾತ್ರಿ ಬಸ್ಸಿನಲ್ಲಿ ನಾವೆಲ್ಲ ನಿಶ್ಚಿಂತೆಯಿಂದ ಮಲಗುತ್ತೇವೆ. ಎಚ್ಚರವಾಗಿರಲೇಬೇಕಾದವರು ಚಾಲಕರು. ಅವರ ಕಣ್ಣು, ಕಿವಿ, ಸಕ್ಕರೆ, ನಿದ್ದೆ ಇವುಗಳ ಮೇಲೆ ನಮ್ಮೆಲ್ಲರ ಪ್ರಾಣ ನಿಂತಿದೆ. ಈ ಕೆಲಸಕ್ಕೆ ಸೇರಬೇಕೆಂದಿರುವ ಹುಡುಗರು ನಮ್ಮ ಮನೆಗಳಲ್ಲೂ ಇದ್ದಾರೆ. ಇಂದಿನ ಲೇಖನ ಅವರಿಗಾಗಿ.

🚌 *ಕಾನೂನು ಏನು ಕೇಳುತ್ತದೆ?*

✅ ಲಾರಿ, ಬಸ್ಸು ಓಡಿಸಲು 20 ವರ್ಷ ತುಂಬಿರಬೇಕು.
✅ ಕಾರಿನಂಥ ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ 1 ವರ್ಷ ಆಗಿರಬೇಕು. ಆಮೇಲೆಯೇ ಹೆವಿ ಎಲ್‌ಎಲ್‌ಆರ್.
✅ ಡ್ರೈವಿಂಗ್ ಸ್ಕೂಲಿನ ತರಬೇತಿ ಪ್ರಮಾಣಪತ್ರ ಮತ್ತು ವೈದ್ಯರು ಸಹಿ ಮಾಡಿದ ನಮೂನೆ 1-ಎ ಬೇಕು.
✅ 8ನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದಿದ್ದಾರೆ.
✅ ಈ ಲೈಸೆನ್ಸಿನ ಅವಧಿ 5 ವರ್ಷ. ಅಪಾಯಕಾರಿ ಸರಕು ಸಾಗಿಸುವವರಿಗೆ 3 ವರ್ಷ. ಯಾವ ರಾಜ್ಯದಲ್ಲಿ ಪಡೆದರೂ ದೇಶವಿಡೀ ನಡೆಯುತ್ತದೆ.

🩺 *ವೈದ್ಯರು ಏನು ನೋಡಬೇಕು?*

25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ? ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುತ್ತವೆಯೇ? ಇರುಳುಗಣ್ಣು ಇದೆಯೇ? ಹಾರ್ನ್ ಕೇಳಿಸುತ್ತದೆಯೇ? ಫಿಟ್ಸ್, ತಲೆಸುತ್ತು ಬರುತ್ತದೆಯೇ?

ಕೆಲವೆಡೆ ದುಡ್ಡು ಕೊಟ್ಟರೆ ಮುಟ್ಟಿಯೂ ನೋಡದೆ ಸಹಿ ಹಾಕಿಕೊಡುತ್ತಾರೆ. ಅಂಥ ಕಾಗದ ಆರ್‌ಟಿಒ ಕಚೇರಿ ದಾಟಿಸಬಹುದು, ಘಾಟಿ ದಾಟಿಸುವುದಿಲ್ಲ. ಕನ್ನಡಕ ಬೇಕಾಗಿದ್ದರೆ ಅಲ್ಲೇ ಗೊತ್ತಾಗಲಿ. ಫಿಟ್ಸ್ ಇರುವುದನ್ನು ಮಾತ್ರ ಖಂಡಿತ ಮುಚ್ಚಿಡಬೇಡಿ. ಸ್ಟೇರಿಂಗ್ ಹಿಡಿದಾಗ ಅರ್ಧ ನಿಮಿಷ ಪ್ರಜ್ಞೆ ತಪ್ಪಿದರೂ ಸಾಕು.

⚠️ *ದಿನನಿತ್ಯ ಗಮನಿಸಬೇಕಾದವು*

1️⃣ *ಸಕ್ಕರೆ ಕಾಯಿಲೆ:* ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಕುಸಿಯುತ್ತದೆ. ಕೈ ನಡುಕ, ಬೆವರು, ಮಂಕು ಕಂಡರೆ ತಕ್ಷಣ ಗಾಡಿ ಬದಿಗೆ ನಿಲ್ಲಿಸಿ, ಸಕ್ಕರೆ ಅಥವಾ ಗ್ಲೂಕೋಸ್ ತಿನ್ನಿ. ಇದು ಸದಾ ಕ್ಯಾಬಿನ್‌ನಲ್ಲಿರಲಿ.

2️⃣ *ಜೋರು ಗೊರಕೆ:* ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ, ಹಗಲೆಲ್ಲ ತೂಕಡಿಕೆ ಬಂದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಚಿಕಿತ್ಸೆ ಇದೆ. ಇದನ್ನು ಮೊದಲು ಗಮನಿಸುವವರು ಸಾಮಾನ್ಯವಾಗಿ ಹೆಂಡತಿ. ಅವರ ಮಾತು ಕೇಳಿ.

3️⃣ *ನೆಗಡಿ, ಅಲರ್ಜಿ ಮಾತ್ರೆ:* ಸಿಟ್ರಿಝಿನ್‌ನಂಥವು ನಿದ್ದೆ ತರಿಸಬಲ್ಲವು. ಕೊಳ್ಳುವಾಗ “ನಾನು ಡ್ರೈವರ್” ಎಂದು ಹೇಳಿ.

4️⃣ *ನೀರು:* ಮೂತ್ರಕ್ಕೆ ನಿಲ್ಲಿಸಬೇಕಾಗುತ್ತದೆಂದು ನೀರು ಕುಡಿಯದಿದ್ದರೆ ಕಲ್ಲು, ಉರಿಮೂತ್ರದ ತೊಂದರೆ ಬರುತ್ತದೆ.

5️⃣ *ನಿದ್ದೆ:* ರಾತ್ರಿ 2ರಿಂದ ಬೆಳಗಿನ 5ರವರೆಗೆ ದೇಹ ತಾನಾಗಿಯೇ ನಿದ್ದೆ ಬೇಡುತ್ತದೆ. ಚಹಾ, ಗುಟ್ಕಾ, ಜೋರು ಹಾಡು ಯಾವುದೂ ನಿದ್ದೆಗೆ ಬದಲಿಯಲ್ಲ. ಗಾಡಿ ನಿಲ್ಲಿಸಿ 20 ನಿಮಿಷ ಮಲಗಿದರೆ ಸ್ವಲ್ಪ ಚೇತರಿಕೆ ಸಿಗುತ್ತದೆ.

⏰ *ನೆನಪಿಡಿ:* 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಂತೆ ಸಾಮಾನ್ಯ ದುಡಿಮೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಇತ್ತು. ಸತತ 5 ಗಂಟೆಯ ಒಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಸಿಗಬೇಕು ಎಂದು ಅದರಲ್ಲಿತ್ತು. ವಿಶ್ರಾಂತಿ ಕೇಳುವುದು ಸೋಮಾರಿತನವಲ್ಲ, ಹಕ್ಕು.

ಪ್ರಯಾಣಿಕರಾದ ನಮಗೂ ಒಂದು ಮಾತು: ಚಾಲಕರು ಚಹಾಕ್ಕೆ ನಿಲ್ಲಿಸಿದರೆ “ಇನ್ನೂ ಎಷ್ಟು ಹೊತ್ತು?” ಎಂದು ಅವಸರಪಡಿಸಬೇಡಿ. ಹತ್ತು ನಿಮಿಷ ತಡವಾದರೂ ಮನೆ ಸೇರುತ್ತೇವೆ.

ನಿಮ್ಮ ಪರಿಚಯದ ಚಾಲಕ ಬಂಧುಗಳಿಗೆ ಇದನ್ನು ತಲುಪಿಸಿ. ಕಾಯಿಲೆ ಇದ್ದವರು ಔಷಧಿಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿ.

ಶುಭ ಪ್ರಯಾಣ 🌿