ಗುಳಿಗೆಯೋ, ಸೂಜಿಯೋ, ಬಾಟ್ಲಿಯೋ?

ನೆಲ್ಲು ಹಚ್ಚುವ ದಿನಗಳಲ್ಲಿ ಸಿಂಧನೂರು ಬಳಿಯ ಆರ್.ಎಚ್. ಕ್ಯಾಂಪಿನ ಸುತ್ತಮುತ್ತ ಯಾವ ದವಾಖಾನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: "ಗುಳಿಗಿ ಬ್ಯಾಡ್ರಿ ಸರ್, ಒಂದು ಸೂಜಿ ಮಾಡ್ರಿ. ಇಲ್ಲಾಂದ್ರ ಒಂದು ಬಾಟ್ಲಿ ಹಚ್ಚಿಬಿಡ್ರಿ." ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಆತುರ ಸಹಜ. ಆದರೆ ಸೂಜಿ ಜೋರು, ಗುಳಿಗೆ ಸಪ್ಪೆ ಎನ್ನುವ ಲೆಕ್ಕ ಸರಿಯಲ್ಲ. ಎಷ್ಟೋ ಔಷಧಗಳು ಎರಡೂ ರೂಪದಲ್ಲಿ ಸಿಗುತ್ತವೆ. ಬದಲಾಗುವುದು ಔಷಧವಲ್ಲ, ಅದು ಮೈಯೊಳಗೆ ಹೋಗುವ ದಾರಿ.

ಮೊದಲು ಗುಳಿಗೆಯ ದಾರಿ ನೋಡೋಣ. ನುಂಗಿದ ಗುಳಿಗೆ ಹೊಟ್ಟೆಯಲ್ಲಿ ಕರಗುತ್ತದೆ. ಸಣ್ಣ ಕರುಳು ಅದನ್ನು ಹೀರುತ್ತದೆ. ಅಲ್ಲಿಂದ ಅದು ಯಕೃತ್ತಿಗೆ, ಅಂದರೆ ಲಿವರ್‌ಗೆ ಹೋಗಿ, ಆಮೇಲೆ ಇಡೀ ಮೈಯ ರಕ್ತಕ್ಕೆ ಸೇರುತ್ತದೆ. ಜ್ವರದ ಪ್ಯಾರಾಸಿಟಮಾಲ್ ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಕಾಯಬಹುದಾದ ಕಾಯಿಲೆಗೆ ಗುಳಿಗೆಯೇ ಸಾಕು. ಚುಚ್ಚಿಸಿಕೊಂಡ ಜಾಗದಲ್ಲಿ ಕೀವು ಕಟ್ಟುವ ಭಯವೂ ಇಲ್ಲ.

ನುಂಗಲು ದೊಡ್ಡದಾಯಿತೆಂದು ಗುಳಿಗೆಯನ್ನು ಪುಡಿ ಮಾಡಬಹುದೇ? ಕೆಲವನ್ನು ಮಾಡಬಹುದು, ಎಲ್ಲವನ್ನೂ ಅಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಪಟ್ಟಿಯ ಮೇಲೆ ಹೆಸರಿನ ಮುಂದೆ 'ಎಸ್‌ಆರ್' ಎಂಬ ಅಕ್ಷರಗಳಿದ್ದರೆ, ಅದು ದಿನವಿಡೀ ನಿಧಾನವಾಗಿ ಔಷಧ ಬಿಡುವ ಗುಳಿಗೆ. ಅದನ್ನು ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಲೇ ಬಿಡುತ್ತದೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್‌ಗೆ ಹೊಟ್ಟೆಯ ಆಮ್ಲ ತಾಗದಂತೆ ಮೇಲ್ಪದರ ಇರುತ್ತದೆ. ಆ ಪದರ ಒಡೆದರೆ ಔಷಧ ಕರುಳು ತಲುಪುವ ಮೊದಲೇ ಹಾಳು. ಹಾಗಾಗಿ ಮುರಿಯುವ ಮುಂಚೆ ಮೆಡಿಕಲ್ ಶಾಪಿನವರನ್ನು ಒಂದು ಮಾತು ಕೇಳಿ.

ಮಕ್ಕಳ ಆ್ಯಂಟಿಬಯೋಟಿಕ್ ಡ್ರೈ ಸಿರಪ್ ಬಾಟಲಿಯಲ್ಲಿ ಇರುವುದು ಬರೀ ಪುಡಿ. ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗೆರೆಯವರೆಗೆ ಹಾಕಿ ಕುಲುಕಬೇಕು. ನೊರೆ ಇಳಿದ ಮೇಲೆ ನೀರು ಗೆರೆಗಿಂತ ಕೆಳಗಿದ್ದರೆ ಮತ್ತೆ ಗೆರೆ ಮುಟ್ಟಿಸಿ. ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಿ, ಇಲ್ಲದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಗಟ್ಟಿ ಔಷಧ ಮಗುವಿನ ಬಾಯಿಗೆ ಹೋಗುತ್ತದೆ. ಅಳತೆಗೆ ಅಡುಗೆಮನೆಯ ಚಮಚ ಬೇಡ. ಬಾಟಲಿಯ ಜೊತೆ ಬಂದ ಮುಚ್ಚಳದಲ್ಲಿ 5 ಎಂಎಲ್ ಗೆರೆ ಇರುತ್ತದೆ.

ಇನ್ನು ಸೂಜಿ. ಎಲ್ಲ ಸೂಜಿಯೂ ಒಂದೇ ಆಳಕ್ಕೆ ಹೋಗುವುದಿಲ್ಲ. ಹುಟ್ಟಿದ ಕೂಸಿನ ಎಡ ತೋಳಿಗೆ ಹಾಕುವ ಬಿಸಿಜಿ ಲಸಿಕೆ ಚರ್ಮದ ಪದರದೊಳಗೇ ನಿಲ್ಲುತ್ತದೆ. ಇನ್ಸುಲಿನ್ ಚರ್ಮದ ಕೆಳಗಿನ ಕೊಬ್ಬಿಗೆ ಹೋಗುತ್ತದೆ. ಟಿಟಿ ಸೂಜಿ ಸ್ನಾಯುವಿಗೆ, ಅಂದರೆ ಮಾಂಸಖಂಡಕ್ಕೆ. ನೇರ ರಕ್ತನಾಳಕ್ಕೆ ಹೋಗುವುದು ಎಲ್ಲಕ್ಕಿಂತ ಬೇಗ. ಅಲ್ಲಿ ತಪ್ಪಾದರೆ ಹಿಂದೆಗೆಯಲು ಸಮಯವೂ ಸಿಗದು.

ಇನ್ಸುಲಿನ್ ಗುಳಿಗೆ ಯಾಕಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಅದೊಂದು ಪ್ರೋಟೀನು. ನುಂಗಿದರೆ ಬೇಳೆಯ ಹಾಗೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಸೀಲು ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಬಳಸುತ್ತಿರುವ ಸೀಸೆಯನ್ನು ಹೊರಗಿಡಬಹುದು, ಸುಮಾರು 4 ವಾರ, ಆದರೆ 30 ಡಿಗ್ರಿ ದಾಟಬಾರದು. ಬೇಸಿಗೆಯಲ್ಲಿ 40 ದಾಟುವ ನಮ್ಮ ರಾಯಚೂರು ಸೀಮೆಯಲ್ಲಿ ಫ್ರಿಜ್ ಇಲ್ಲದವರು ಏನು ಮಾಡಬೇಕು? ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಡಿ. ನಡುವೆ ಒದ್ದೆ ಮರಳು ತುಂಬಿ. ಚಿಕ್ಕದರೊಳಗೆ ಸೀಸೆಯನ್ನು ಡಬ್ಬಿಯಲ್ಲಿ ಹಾಕಿಟ್ಟು ಮುಚ್ಚಿ, ನೆರಳಿನಲ್ಲಿಡಿ. ಮರಳು ಒಣಗದಂತೆ ನೋಡಿಕೊಳ್ಳಿ. ಫ್ರಿಜ್ ಇದ್ದವರು ಐಸ್ ಕಟ್ಟುವ ಖಾನೆಯಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಈಗ ಬಾಟ್ಲಿ. 500 ಎಂಎಲ್ ಶೇ 5ರ ಗ್ಲೂಕೋಸ್ ಬಾಟ್ಲಿಯಲ್ಲಿ ಇರುವ ಗ್ಲೂಕೋಸ್ 25 ಗ್ರಾಂ. ಸುಮಾರು 5 ಚಮಚ ಸಕ್ಕರೆ, ಉಳಿದದ್ದು ನೀರು. ಅದರ ಶಕ್ತಿ ಒಂದು ದಪ್ಪ ಜೋಳದ ರೊಟ್ಟಿಯಷ್ಟೂ ಇಲ್ಲ. ಸುಸ್ತಿಗೆ, ಮೈಕೈ ನೋವಿಗೆ ಇದನ್ನು ಹಚ್ಚಿಸಿಕೊಳ್ಳುವುದು ನನ್ನ ಪ್ರಕಾರ ದುಡ್ಡು ದಂಡ. ಬಾಯಿಂದ ಕುಡಿಯಲು ಆಗದವರಿಗೆ, ವಾಂತಿ ನಿಲ್ಲದವರಿಗೆ, ಪ್ರಜ್ಞೆ ಮಂಕಾದವರಿಗೆ, ಮೂತ್ರವೇ ನಿಂತವರಿಗೆ ಮಾತ್ರ ಬಾಟ್ಲಿ ಜೀವ ಉಳಿಸುತ್ತದೆ.

ಭೇದಿಯಾದ ಉಳಿದೆಲ್ಲರಿಗೂ ಓಆರ್‌ಎಸ್ ಸಾಕು. ಕರುಳು ಗ್ಲೂಕೋಸನ್ನು ಒಳಗೆ ಎಳೆದುಕೊಳ್ಳುವಾಗ ಉಪ್ಪನ್ನೂ ಜೊತೆಗೆ ಎಳೆಯುತ್ತದೆ. ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿ ನಡೆಯುತ್ತಿರುವಾಗಲೂ ಈ ದಾರಿ ಮುಚ್ಚುವುದಿಲ್ಲ. ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟಿದ್ದು ಬಂಗಾಳಿ ನಿರಾಶ್ರಿತರ ಶಿಬಿರವೇ. ಪೂರ್ವ ಪಾಕಿಸ್ತಾನದಿಂದ ಬಂದವರನ್ನು ನೆಲೆಗೊಳಿಸಿದ ಈ ಕ್ಯಾಂಪಿನ ಹಿರಿಯರಿಗೆ ಆ ಕಾಲದ ಸಂಕಟ ಬಿಡಿಸಿ ಹೇಳಬೇಕಿಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಗಡಿ ಊರು ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಸಲೈನ್ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅಡುಗೆ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಓಆರ್‌ಎಸ್ ಕಲಸುವ ರೀತಿ ಮುಖ್ಯ. ದೊಡ್ಡ ಪೊಟ್ಟಣ ಪೂರ್ತಿ 1 ಲೀಟರ್ ನೀರಿಗೆ. ಅರ್ಧ ಪೊಟ್ಟಣ, ಒಂದು ಲೋಟ ಎಂಬ ಅಂದಾಜು ಬೇಡ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಮಗು ವಾಂತಿ ಮಾಡಿದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನಕ್ಕೆ ಕುಡಿಸಿ. ಆರು ತಿಂಗಳು ದಾಟಿದ ಮಕ್ಕಳಿಗೆ ಜೊತೆಯಲ್ಲೇ ಜಿಂಕ್ ಗುಳಿಗೆ, ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತಿತೆಂದು ಮಧ್ಯದಲ್ಲಿ ಬಿಡಬೇಡಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಆ ಹೆಸರು ಹಾಕಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಖರ್ಚು? ಓಆರ್‌ಎಸ್ ಮತ್ತು ಜಿಂಕ್ ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಖಾಸಗಿಯಲ್ಲಿ ಬಾಟ್ಲಿ ಹಚ್ಚಿಸಿದರೆ ನೂರಾರು ರೂಪಾಯಿ. ದಿನಾ ನುಂಗುವ ಬಿಪಿ, ಸಕ್ಕರೆ ಗುಳಿಗೆಗಳು ಜನೌಷಧಿ ಕೇಂದ್ರದಲ್ಲಿ ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧದ ಹೆಸರು ಬರೆಸಿಕೊಂಡು ಹೋಗಿ.

ಗುಳಿಗೆಯ ಮಾತೇ ಬರದ ಸಂದರ್ಭ ಒಂದಿದೆ, ಗದ್ದೆಯಲ್ಲಿ ಹಾವು ಕಚ್ಚಿದಾಗ. ವಿಷಕ್ಕೆ ಮದ್ದಾದ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕೂ ಹಾವುಗಳಿಗೆ ಒಂದೇ. ಅದನ್ನು ರಕ್ತನಾಳಕ್ಕೇ ಹಾಕಬೇಕು, ಕಚ್ಚಿದ ಜಾಗಕ್ಕಲ್ಲ. ಮಗುವಿಗೂ ದೊಡ್ಡವರಷ್ಟೇ ಪ್ರಮಾಣ, ಯಾಕೆಂದರೆ ಹಾವು ಬಿಟ್ಟ ವಿಷ ಇಬ್ಬರಲ್ಲೂ ಅಷ್ಟೇ. ಕೆಲವರಿಗೆ ಅದು ಒಗ್ಗದೆ ಮೈಯೆಲ್ಲ ಗಂದೆ ಏಳಬಹುದು, ಉಸಿರು ಕಟ್ಟಬಹುದು. ಆದ್ದರಿಂದ ಮನೆಯಲ್ಲಿ ಹಾಕುವ ಸೂಜಿ ಇದಲ್ಲ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಕಾಲು ಅಲುಗದಂತೆ ಮಲಗಿಸಿ 108ಕ್ಕೆ ಕರೆ ಮಾಡಿ, ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ನೇರ ಹೊರಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧಕ್ಕೆ ದುಡ್ಡಿಲ್ಲ.