ಒಂದೇ ಗಣಿತ, ಎರಡು ಪ್ರಶ್ನೆಪತ್ರಿಕೆ

ಇಂಗ್ಲೆಂಡಿನ ಮಕ್ಕಳು ಹದಿನಾರನೆಯ ವಯಸ್ಸಿಗೆ ಬರೆಯುವ ಜಿಸಿಎಸ್‌ಇ, ಹೆಚ್ಚುಕಡಿಮೆ ಕರ್ನಾಟಕದ ಎಸ್ಸೆಸ್ಸೆಲ್ಸಿಯ ಸ್ಥಾನದಲ್ಲಿರುವ ಪರೀಕ್ಷೆ. ಆದರೆ ಅಲ್ಲಿ ಗಣಿತಕ್ಕೆ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇಲ್ಲ. ಫೌಂಡೇಶನ್ ಎಂಬ ಸುಲಭ ಮಟ್ಟ, ಹೈಯರ್ ಎಂಬ ಕಠಿಣ ಮಟ್ಟ ಎಂದು ಎರಡಿವೆ. ವಿದ್ಯಾರ್ಥಿ ಇವುಗಳಲ್ಲಿ ಒಂದಕ್ಕೆ ಮಾತ್ರ ಹೆಸರು ಕೊಡಬೇಕು. ಒಂದು ದಿನ ಸುಲಭದ್ದು, ಇನ್ನೊಂದು ದಿನ ಕಠಿಣದ್ದು ಎಂದು ಬೆರೆಸಿ ಬರೆಯುವಂತಿಲ್ಲ.

ಫಲಿತಾಂಶ ಬರುವುದು 9ರಿಂದ 1ರವರೆಗಿನ ಗ್ರೇಡ್‌ಗಳಲ್ಲಿ. 9 ಎಲ್ಲಕ್ಕಿಂತ ಮೇಲಿನದು. ಫೌಂಡೇಶನ್ ಬರೆದವರಿಗೆ ಸಿಗುವುದು 1ರಿಂದ 5ರವರೆಗಿನ ಗ್ರೇಡ್ ಮಾತ್ರ. ಒಂದು ಅಂಕವೂ ಕಳೆದುಕೊಳ್ಳದೆ ಪೂರ್ಣಾಂಕ ಪಡೆದರೂ 5ನ್ನು ದಾಟುವಂತಿಲ್ಲ. ಹೈಯರ್‌ನಲ್ಲಿ 4ರಿಂದ 9ರವರೆಗೆ ಸಿಗುತ್ತದೆ. ಕೂದಲೆಳೆಯಲ್ಲಿ 4 ತಪ್ಪಿದವರಿಗೆ 3 ಕೊಡಲು ಅವಕಾಶವಿದೆ. ಅದಕ್ಕೂ ಕೆಳಗಿಳಿದರೆ ಗ್ರೇಡೇ ಇಲ್ಲ, ‘ಯು’ ಎಂಬ ಅಕ್ಷರವಷ್ಟೇ. ಹೀಗೆ ಒಂದು ಮಟ್ಟಕ್ಕೆ ಮೇಲ್ಮಿತಿ, ಇನ್ನೊಂದಕ್ಕೆ ಕೆಳಮಿತಿ. ಎಷ್ಟು ಮೇಲೇರಬಹುದು, ಜಾರಿದರೆ ಏನಾಗುತ್ತದೆ ಎಂಬ ಎರಡೂ ಸಂಗತಿ ಪರೀಕ್ಷಾ ಕೊಠಡಿಗೆ ಕಾಲಿಡುವ ಮೊದಲೇ ತೀರ್ಮಾನವಾಗಿರುತ್ತವೆ.

ಹಿನ್ನೆಲೆ

ಮಕ್ಕಳನ್ನು ಪರೀಕ್ಷೆಯ ಮಟ್ಟದಲ್ಲೇ ಬೇರ್ಪಡಿಸುವ ಪದ್ಧತಿ ಇಂಗ್ಲೆಂಡಿಗೆ ಹಳೆಯದು. 1951ರಲ್ಲಿ ಬಂದ ಒ-ಲೆವೆಲ್ ಓದಿನಲ್ಲಿ ಮುಂದಿದ್ದವರಿಗಾಗಿ ಇದ್ದ ಪರೀಕ್ಷೆ. ಉಳಿದವರಿಗೆ ಮಾನ್ಯತೆಯ ಪ್ರಮಾಣಪತ್ರವೊಂದು ಬೇಕೆಂದು 1965ರಲ್ಲಿ ಸಿಎಸ್‌ಇ ಶುರುವಾಯಿತು. ಸಿಎಸ್‌ಇಯ ಮೊದಲ ದರ್ಜೆ ಒ-ಲೆವೆಲ್ ತೇರ್ಗಡೆಗೆ ಸಮ ಎಂದು ನಿಯಮವೇನೋ ಇತ್ತು. ಆದರೂ ಪಠ್ಯಕ್ರಮ ಬೇರೆ, ಪರೀಕ್ಷೆ ಬೇರೆ. ಯಾವುದಕ್ಕೆ ಕೂರಬೇಕೆಂದು ಶಾಲೆ ಒಮ್ಮೆ ನಿರ್ಧರಿಸಿದರೆ ದಾರಿ ಬದಲಿಸುವುದು ಕಷ್ಟವಾಗಿತ್ತು.

ಶಾಲಾ ಗಣಿತದ ಸ್ಥಿತಿಗತಿ ಪರಿಶೀಲಿಸಲು 1978ರಲ್ಲಿ ನೇಮಕವಾದ ಕಾಕ್‌ಕ್ರಾಫ್ಟ್ ಸಮಿತಿ 1982ರಲ್ಲಿ ವರದಿ ಕೊಟ್ಟಿತು. ಹನ್ನೊಂದು ವರ್ಷದ ಮಕ್ಕಳ ಒಂದೇ ತರಗತಿಯಲ್ಲಿ ಗಣಿತದ ತಿಳಿವಳಿಕೆಯ ಅಂತರ ಏಳು ವರ್ಷಗಳಷ್ಟಿರುತ್ತದೆ ಎಂಬುದು ಆ ವರದಿಯ ಬಹುಚರ್ಚಿತ ಮಾತು. ಮಗುವಿಗೆ ಗೊತ್ತಿಲ್ಲದ್ದನ್ನು ಎತ್ತಿ ತೋರಿಸುವ ಬದಲು ಗೊತ್ತಿರುವುದನ್ನು ತೋರಿಸಲು ಅವಕಾಶ ಕೊಡುವಂತೆ ಪ್ರಶ್ನೆಪತ್ರಿಕೆ ಇರಬೇಕು ಎಂದೂ ಸಮಿತಿ ಹೇಳಿತು. ಅರ್ಧಕ್ಕರ್ಧ ಪ್ರಶ್ನೆಗಳು ಅರ್ಥವೇ ಆಗದ ಪತ್ರಿಕೆಯನ್ನು ಮುಂದಿಟ್ಟು ಮಗುವನ್ನು ಮೂರು ಗಂಟೆ ಕೂರಿಸಿದರೆ ಅದರಿಂದ ತಿಳಿಯುವುದು ಅಷ್ಟರಲ್ಲೇ ಇದೆ. ಮಟ್ಟಗಳ ಪರವಾದ ವಾದಕ್ಕೆ ಇಂದಿಗೂ ಇದೇ ಬುಡ.

ಒ-ಲೆವೆಲ್ ಮತ್ತು ಸಿಎಸ್‌ಇ ಎರಡನ್ನೂ ಕೂಡಿಸಿ ರೂಪಿಸಿದ ಜಿಸಿಎಸ್‌ಇ ಪಾಠ 1986ರಲ್ಲಿ ಆರಂಭವಾಗಿ, ಮೊದಲ ಪರೀಕ್ಷೆ 1988ರಲ್ಲಿ ನಡೆಯಿತು. ಪರೀಕ್ಷೆಯ ಹೆಸರು ಒಂದಾಯಿತು, ಗಣಿತದೊಳಗಿನ ವಿಂಗಡಣೆ ಮಾತ್ರ ಉಳಿಯಿತು. ಮುಂದೆ ಬಹುಕಾಲ ಫೌಂಡೇಶನ್, ಇಂಟರ್‌ಮೀಡಿಯೆಟ್, ಹೈಯರ್ ಎಂಬ ಮೂರು ಮಟ್ಟಗಳಿದ್ದವು. ಅಂದಿನ ಗ್ರೇಡ್‌ಗಳು ಅಕ್ಷರಗಳಲ್ಲಿದ್ದವು. ಉದ್ಯೋಗದಾತರೂ ಕಾಲೇಜುಗಳೂ ಪಾಸು ಎಂದು ಪರಿಗಣಿಸುತ್ತಿದ್ದುದು ಸಿ ಗ್ರೇಡನ್ನು. ಫೌಂಡೇಶನ್‌ನಲ್ಲಿ ಸಿಗಬಹುದಾದ ಗರಿಷ್ಠ ಗ್ರೇಡ್ ಡಿ. ಎಂದರೆ ಆ ಮಟ್ಟಕ್ಕೆ ಸೇರಿಸಲಾದ ಮಗು ಎಷ್ಟೇ ಚೆನ್ನಾಗಿ ಬರೆದರೂ ಲೋಕದ ಕಣ್ಣಿಗೆ ನಪಾಸು. ಈ ಅನ್ಯಾಯಕ್ಕೆ ಬಂದ ಟೀಕೆಯ ಫಲವಾಗಿ 2006ರಿಂದ ಎರಡು ಮಟ್ಟಗಳ ಪಠ್ಯಕ್ರಮ ಶುರುವಾಯಿತು, ಫೌಂಡೇಶನ್‌ನಲ್ಲೂ ಸಿ ದೊರೆಯುವಂತಾಯಿತು.

ಈಗಿನ ಅಂಕಿ ಗ್ರೇಡ್‌ಗಳು 2015ರ ಸುಧಾರಣೆಯ ಕೊಡುಗೆ. ಆ ಪಠ್ಯದ ಮೊದಲ ಪರೀಕ್ಷೆ 2017ರಲ್ಲಿ ನಡೆಯಿತು. ಹಳೆಯ ಸಿ ಗ್ರೇಡಿನ ತಳಗೆರೆ ಈಗಿನ 4ಕ್ಕೆ, ಎ ಗ್ರೇಡಿನದು 7ಕ್ಕೆ ಹೊಂದುತ್ತದೆ. ಇದೇ ಸುಧಾರಣೆಯಲ್ಲಿ ಇಂಗ್ಲಿಷ್ ಭಾಷೆಯ ಪರೀಕ್ಷೆಯಿಂದ ಮಟ್ಟಗಳನ್ನು ತೆಗೆದುಹಾಕಲಾಯಿತು. ಗಣಿತ, ವಿಜ್ಞಾನ ಮತ್ತು ವಿದೇಶಿ ಭಾಷೆಗಳಲ್ಲಿ ಉಳಿಸಿಕೊಳ್ಳಲಾಯಿತು. ಪ್ರಬಂಧ ಬರೆಯಲು ಕೊಟ್ಟ ಒಂದೇ ವಿಷಯಕ್ಕೆ ಪ್ರತಿ ಮಗುವೂ ತನ್ನ ಶಕ್ತಿಗೆ ತಕ್ಕಂತೆ ಉತ್ತರಿಸಬಹುದು. ಗಣಿತದ ಪ್ರಶ್ನೆ ಹಾಗಲ್ಲ, ದಾರಿ ಗೊತ್ತಿಲ್ಲದಿದ್ದರೆ ಮೊದಲ ಹೆಜ್ಜೆಯೂ ಇಡಲಾಗದು.

ಪತ್ರಿಕೆಯೊಳಗೆ

ಇಂಗ್ಲೆಂಡಿನ ಪ್ರಮುಖ ಪರೀಕ್ಷಾ ಮಂಡಳಿಗಳಾದ ಎಕ್ಯೂಎ ಮತ್ತು ಪಿಯರ್ಸನ್ ಎಡೆಕ್ಸೆಲ್‌ಗಳಲ್ಲಿ ಎರಡೂ ಮಟ್ಟಕ್ಕೆ ಪರೀಕ್ಷೆಯ ಚೌಕಟ್ಟು ಒಂದೇ: ಒಂದೂವರೆ ಗಂಟೆಯ, 80 ಅಂಕಗಳ ಮೂರು ಪತ್ರಿಕೆಗಳು. ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಉಳಿದೆರಡಕ್ಕೆ ಒಯ್ಯಬಹುದು.

ವ್ಯತ್ಯಾಸವಿರುವುದು ತಿರುಳಿನಲ್ಲಿ. ಫೌಂಡೇಶನ್‌ನಲ್ಲಿ ಸಂಖ್ಯೆಗಳಿಗೆ ಸುಮಾರು ಶೇ 25, ಅನುಪಾತ ಮತ್ತು ಶೇಕಡಾವಾರು ಲೆಕ್ಕಗಳಿಗೆ ಮತ್ತೆ ಶೇ 25, ಬೀಜಗಣಿತಕ್ಕೆ ಶೇ 20ರಷ್ಟು ಅಂಕ. ಹೈಯರ್‌ನಲ್ಲಿ ಬೀಜಗಣಿತದ ಪಾಲು ಶೇ 30ಕ್ಕೆ ಏರಿ, ಸಂಖ್ಯೆಗಳದು ಶೇ 15ಕ್ಕೆ ಇಳಿಯುತ್ತದೆ. ಕಲಿತ ವಿಧಾನವನ್ನು ನೇರವಾಗಿ ಬಳಸುವ ಪ್ರಶ್ನೆಗಳಿಗೆ ಫೌಂಡೇಶನ್‌ನಲ್ಲಿ ಅರ್ಧದಷ್ಟು ಅಂಕವಿದ್ದರೆ ಹೈಯರ್‌ನಲ್ಲಿ ಶೇ 40 ಮಾತ್ರ. ಉಳಿದದ್ದು ತರ್ಕಕ್ಕೆ, ಸಮಸ್ಯೆ ಬಿಡಿಸುವ ಜಾಣ್ಮೆಗೆ ಮೀಸಲು.

ಫೌಂಡೇಶನ್ ಎಂದರೆ ಕೂಡಿಸುವುದು, ಕಳೆಯುವುದು ಎಂದಷ್ಟೇ ತಿಳಿಯುವುದು ತಪ್ಪು. ಪೈಥಾಗೊರಸ್ ಪ್ರಮೇಯ, ಲಂಬಕೋನ ತ್ರಿಭುಜದ ತ್ರಿಕೋನಮಿತಿ, ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣಗಳು, ಅಪವರ್ತನದಿಂದ ಬಿಡಿಸುವ ವರ್ಗಸಮೀಕರಣಗಳು ಅದರಲ್ಲೂ ಇವೆ. ವೃತ್ತದ ಪ್ರಮೇಯಗಳು, ವರ್ಗಸಮೀಕರಣದ ಸೂತ್ರ, ಸೈನ್ ಮತ್ತು ಕೊಸೈನ್ ನಿಯಮಗಳು, ಬೀಜಗಣಿತದ ಭಿನ್ನರಾಶಿಗಳು ಹೈಯರ್‌ಗೆ ಮಾತ್ರ ಸೇರಿದವು.

ತ್ರಿಭುಜದ ಒಂದು ಬಾಹು ಕಂಡುಹಿಡಿಯುವ ಲೆಕ್ಕವನ್ನೇ ತೆಗೆದುಕೊಂಡರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಲಂಬಕೋನ ತ್ರಿಭುಜದ ವಿಕರ್ಣ 10 ಸೆಂಟಿಮೀಟರ್, ಒಂದು ಕೋನ 30 ಡಿಗ್ರಿ. ಆ ಕೋನದ ಎದುರಿನ ಬಾಹು ಎಷ್ಟು? ಸೈನ್ 30 ಎಂದರೆ ಅರ್ಧ ಎಂಬುದು ನೆನಪಿದ್ದರೆ ಉತ್ತರ 5 ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಇದು ಫೌಂಡೇಶನ್ ಧಾಟಿಯ ಪ್ರಶ್ನೆ. ಇನ್ನೊಂದು ತ್ರಿಭುಜದಲ್ಲಿ ಲಂಬಕೋನವಿಲ್ಲ. ಎರಡು ಬಾಹುಗಳು 5 ಮತ್ತು 8, ಅವುಗಳ ನಡುವಿನ ಕೋನ 60 ಡಿಗ್ರಿ. ಮೂರನೆಯ ಬಾಹು ಎಷ್ಟು? ಇಲ್ಲಿ ಮೊದಲು ಪೈಥಾಗೊರಸ್ ಪ್ರಮೇಯ ನಡೆಯದು ಎಂದು ಹೊಳೆಯಬೇಕು, ಕೊಸೈನ್ ನಿಯಮ ನೆನಪಾಗಬೇಕು, 25ಕ್ಕೆ 64 ಕೂಡಿಸಿ 40 ಕಳೆಯಬೇಕು. ಸಿಗುವ 49ರ ವರ್ಗಮೂಲ 7 ಎಂಬುದು ಉತ್ತರ. ಗುಣಿಸುವ, ಕೂಡಿಸುವ ಕೆಲಸ ಎರಡರಲ್ಲೂ ಹಗುರವೇ. ಯಾವ ನಿಯಮ ಎಲ್ಲಿ ಬಳಸಬೇಕು ಎಂಬ ತೀರ್ಮಾನದಲ್ಲಿ ಎರಡನೆಯದು ಹೆಚ್ಚು ಕೇಳುತ್ತದೆ.

4 ಮತ್ತು 5ಕ್ಕೆ ಎರಡು ದಾರಿ

ಗ್ರೇಡ್ 4 ಮತ್ತು 5 ಎರಡೂ ಮಟ್ಟದಲ್ಲಿ ಸಿಗುವುದರಿಂದ ಗೊಂದಲ ಹುಟ್ಟುವುದು ಇಲ್ಲೇ. 4 ಸಾಮಾನ್ಯ ಪಾಸು, 5 ಗಟ್ಟಿ ಪಾಸು. ಯಾವ ದಾರಿಯಿಂದ ಬಂದರೂ ಅವುಗಳ ಬೆಲೆ ಒಂದೇ. ಎರಡೂ ಕಡೆಯ ಮಾಪನ ಸರಿಹೊಂದಲೆಂದು ಫೌಂಡೇಶನ್‌ನ ಕೊನೆಯ ಭಾಗದ ಕೆಲವು ಪ್ರಶ್ನೆಗಳನ್ನೇ ಹೈಯರ್‌ನ ಮೊದಲ ಭಾಗದಲ್ಲೂ ಕೊಡಲಾಗುತ್ತದೆ.

ಬೇಕಾಗುವ ಅಂಕಗಳು ಮಾತ್ರ ತೀರಾ ಬೇರೆ. 2017ರ ಮೊದಲ ಪರೀಕ್ಷೆಯಲ್ಲಿ ಹೈಯರ್ ಬರೆದವರಿಗೆ ಒಟ್ಟು ಅಂಕಗಳಲ್ಲಿ ಐದನೇ ಒಂದಕ್ಕಿಂತ ಕಡಿಮೆ ಬಂದರೂ 4 ಸಿಕ್ಕಿತು. ಫೌಂಡೇಶನ್ ಬರೆದವರು ಅದೇ 4ಕ್ಕೆ ಹೆಚ್ಚುಕಡಿಮೆ ಅರ್ಧದಷ್ಟು ಅಂಕ ಗಳಿಸಬೇಕಾಯಿತು. ಈ ಅಂಕಿಗಳನ್ನು ನೋಡಿ ಹೈಯರ್‌ನಲ್ಲಿ ಪಾಸಾಗುವುದೇ ಸುಲಭ ಎಂದುಕೊಳ್ಳುವವರಿದ್ದಾರೆ. ಆದರೆ ಹೈಯರ್ ಪತ್ರಿಕೆಯ ಅರ್ಧದಷ್ಟು ಅಂಕ ಇರುವುದು 7, 8, 9ನೇ ಗ್ರೇಡಿನವರಿಗಾಗಿ. 4ರ ಅಂಚಿನಲ್ಲಿರುವ ಮಗು ಮೊದಲ ಕೆಲವು ಪುಟಗಳಲ್ಲೇ ಬೇಕಾದ ಅಂಕಗಳನ್ನೆಲ್ಲ ಬಾಚಿಕೊಳ್ಳಬೇಕು. ಅಲ್ಲಿ ಎರಡು ಮೂರು ಲೆಕ್ಕ ಕೈಕೊಟ್ಟರೆ ತುಂಬಿಕೊಳ್ಳಲು ಮುಂದೆ ಏನೂ ಇಲ್ಲ. ಫೌಂಡೇಶನ್‌ನಲ್ಲಿ ಸುಲಭದ ಪ್ರಶ್ನೆಗಳು ಹೇರಳ. ಅಲ್ಲಿ ಬೇಕಾಗುವುದು ನಿಖರತೆ, ಅಜಾಗರೂಕತೆಗೆ ಕ್ಷಮೆ ಕಡಿಮೆ.

ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗ ಪೋಷಕರಲ್ಲಿ ಅನೇಕರು ಒಂದೇ ಪ್ರಶ್ನೆಪತ್ರಿಕೆಯ ವ್ಯವಸ್ಥೆಯಲ್ಲಿ ಓದಿ ಬಂದವರು. ನೂರಕ್ಕೆ ತೊಂಬತ್ತು ಎಂದರೆ ಡಿಸ್ಟಿಂಕ್ಷನ್ ಎಂಬ ಲೆಕ್ಕ ಅವರ ತಲೆಯಲ್ಲಿರುತ್ತದೆ. ಫೌಂಡೇಶನ್‌ನ ತೊಂಬತ್ತಕ್ಕೆ ಸಿಗುವುದು 5, ಹೈಯರ್‌ನ ಅರವತ್ತಕ್ಕೆ ಅದಕ್ಕಿಂತ ಮೇಲಿನ ಗ್ರೇಡ್ ಸಿಗಬಹುದು. ಯಾವ ಮಟ್ಟದ ಪತ್ರಿಕೆ ಎಂದು ತಿಳಿಯದೆ ಅಂಕವನ್ನಷ್ಟೇ ಕೇಳಿದರೆ ಮಗುವಿನ ಸ್ಥಿತಿ ಅರ್ಥವಾಗದು.

ತೀರ್ಮಾನ ಯಾರದು?

ಕಾಗದದ ಮೇಲೆ ಮಟ್ಟ ನಿರ್ಧಾರವಾಗುವುದು ಶಾಲೆಯ ಹನ್ನೊಂದನೇ ವರ್ಷದಲ್ಲಿ, ಎಂದರೆ ಜಿಸಿಎಸ್‌ಇ ಬರೆಯುವ ವರ್ಷದ ತರಗತಿಯಲ್ಲಿ, ಅಣಕು ಪರೀಕ್ಷೆಗಳ ಫಲಿತಾಂಶ ನೋಡಿದ ಮೇಲೆ. ಬೇಸಿಗೆಯ ಪರೀಕ್ಷೆಗೆ ಶಾಲೆ ಫೆಬ್ರುವರಿಯ ಹೊತ್ತಿಗೆ ಹೆಸರು ಕಳಿಸುತ್ತದೆ. ಪೋಷಕರ ಅಭಿಪ್ರಾಯ ಕೇಳುವ ಶಾಲೆಗಳೂ ಇವೆ, ಆದರೆ ಹೆಸರು ನೋಂದಾಯಿಸುವುದು ಶಾಲೆಯೇ.

ನಿಜವಾದ ತೀರ್ಮಾನ ಇದಕ್ಕಿಂತ ಬಹಳ ಹಿಂದೆಯೇ ಆಗಿರುತ್ತದೆ. ಇಂಗ್ಲೆಂಡಿನ ಬಹುತೇಕ ಪ್ರೌಢಶಾಲೆಗಳು ಗಣಿತಕ್ಕೆ ಮಕ್ಕಳನ್ನು ಸಾಮರ್ಥ್ಯಕ್ಕೆ ತಕ್ಕಂತೆ ‘ಸೆಟ್’ಗಳಾಗಿ ವಿಂಗಡಿಸುತ್ತವೆ. ಕೆಳಗಿನ ಸೆಟ್‌ಗಳಲ್ಲಿ ನಡೆಯುವುದು ಫೌಂಡೇಶನ್ ಪಾಠ. ಎರಡು ವರ್ಷ ಕೊಸೈನ್ ನಿಯಮದ ಹೆಸರನ್ನೇ ಕೇಳದ ಮಗು ಕೊನೆಯ ಚಳಿಗಾಲದಲ್ಲಿ ಹೈಯರ್ ಬರೆಯುತ್ತೇನೆ ಎಂದರೆ, ಕಲಿಯದೆ ಉಳಿದ ಪಾಠಗಳ ಹೊರೆಯೇ ಅಡ್ಡಿಯಾಗುತ್ತದೆ. ಹೈಯರ್‌ನಿಂದ ಫೌಂಡೇಶನ್‌ಗೆ ಇಳಿಯುವುದು ಕೊನೆಗಳಿಗೆಯಲ್ಲೂ ಸಾಧ್ಯ, ಮೇಲೇರುವುದು ಕಷ್ಟ.

ವಿಂಗಡಣೆಯಲ್ಲಿ ಪೂರ್ವಗ್ರಹ ನುಸುಳುವ ಅಪಾಯವೂ ಇದೆ. ಹದಿನಾಲ್ಕನೆಯ ವಯಸ್ಸಿನ ಪರೀಕ್ಷೆಗಳಿಗೂ ಮಟ್ಟಗಳಿದ್ದ ಕಾಲದ ಅಂಕಿಅಂಶಗಳನ್ನು ಅಧ್ಯಯನ ಮಾಡಿದ ಸಂಶೋಧಕ ಸ್ಟೀವ್ ಸ್ಟ್ರ್ಯಾಂಡ್, ಹಿಂದಿನ ಸಾಧನೆ ಒಂದೇ ಇದ್ದರೂ ಕೆರಿಬಿಯನ್ ಮೂಲದ ಕಪ್ಪು ಮಕ್ಕಳನ್ನು ಗಣಿತ ಮತ್ತು ವಿಜ್ಞಾನದ ಮೇಲಿನ ಮಟ್ಟಕ್ಕೆ ಸೇರಿಸುವ ಪ್ರಮಾಣ ಬಿಳಿಯ ಮಕ್ಕಳಿಗಿಂತ ಕಡಿಮೆ ಇತ್ತು ಎಂದು 2012ರಲ್ಲಿ ಪ್ರಕಟಿಸಿದರು.

ಹದಿನಾರರ ನಂತರ

ಗ್ರೇಡ್ 4 ಸಿಗದವರು ಹದಿನಾರರ ನಂತರವೂ ಗಣಿತ ಓದಲೇಬೇಕು ಎಂಬ ಷರತ್ತು ಇಂಗ್ಲೆಂಡಿನಲ್ಲಿ 2014ರಿಂದ ಇದೆ. 3 ಬಂದವರು ಜಿಸಿಎಸ್‌ಇಯನ್ನೇ ಮತ್ತೆ ಕಟ್ಟಬೇಕು. ಹಾಗೆ ಮರಳಿ ಬರೆಯುವವರಲ್ಲಿ ಪಾಸಾಗುವವರು ಕಡಿಮೆ: 2024ರ ಬೇಸಿಗೆಯಲ್ಲಿ 17 ವರ್ಷ ಮತ್ತು ಮೇಲಿನವರ ಪೈಕಿ ಐವರಲ್ಲಿ ಒಬ್ಬರಿಗೂ 4 ದಕ್ಕಲಿಲ್ಲ. ಶಾಲಾ ಶಿಕ್ಷಕರಾಗಲೂ ಗಣಿತದಲ್ಲಿ 4 ಬೇಕು. ಇತ್ತ ಜಿಸಿಎಸ್‌ಇ ನಂತರ ಓದುವ ಎ-ಲೆವೆಲ್ ಗಣಿತಕ್ಕೆ ಕಾಲೇಜುಗಳು ಸಾಮಾನ್ಯವಾಗಿ 6 ಅಥವಾ 7 ಕೇಳುತ್ತವೆ. ಫೌಂಡೇಶನ್‌ನ ಗರಿಷ್ಠ ಗ್ರೇಡೇ 5 ಆದ್ದರಿಂದ ಎಂಜಿನಿಯರಿಂಗ್, ಭೌತಶಾಸ್ತ್ರ, ಅರ್ಥಶಾಸ್ತ್ರದ ಕಡೆಗಿನ ನೇರ ದಾರಿ ಅಲ್ಲಿಗೇ ಮುಚ್ಚಿದಂತೆ.

ಭಾರತದಲ್ಲಿ

ಬೆಂಗಳೂರಿನ ಹಲವು ಅಂತರರಾಷ್ಟ್ರೀಯ ಶಾಲೆಗಳಲ್ಲಿರುವ ಕೇಂಬ್ರಿಡ್ಜ್ ಐಜಿಸಿಎಸ್‌ಇಯಲ್ಲೂ ಇಂಥದೇ ಏರ್ಪಾಡು ಇದೆ. ಅಲ್ಲಿನ ಗಣಿತದ ‘ಕೋರ್’ ಮಟ್ಟದಲ್ಲಿ ಗರಿಷ್ಠ ಗ್ರೇಡ್ ಸಿ, ‘ಎಕ್ಸ್‌ಟೆಂಡೆಡ್’ನಲ್ಲಿ ಎ-ಸ್ಟಾರ್‌ವರೆಗೆ ಹೋಗಬಹುದು.

ಸಿಬಿಎಸ್‌ಇ ಹತ್ತನೇ ತರಗತಿಯ ಗಣಿತಕ್ಕೆ ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಎಂಬ ಎರಡು ಮಟ್ಟಗಳನ್ನು 2019ರಲ್ಲಿ ಪ್ರಕಟಿಸಿ 2020ರ ಪರೀಕ್ಷೆಯಿಂದ ಜಾರಿಗೆ ತಂದಿತು. ಇದರ ವಿನ್ಯಾಸ ಇಂಗ್ಲೆಂಡಿನದಕ್ಕಿಂತ ಭಿನ್ನ. ಪಠ್ಯಕ್ರಮ, ಪುಸ್ತಕ, ತರಗತಿ, 20 ಅಂಕಗಳ ಆಂತರಿಕ ಮೌಲ್ಯಮಾಪನ ಎಲ್ಲವೂ ಇಬ್ಬರಿಗೂ ಒಂದೇ. 80 ಅಂಕಗಳ ಮಂಡಳಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಪಾಠ ಒಂದೇ ಆದ್ದರಿಂದ ಕೊನೆಯವರೆಗೂ ಮೇಲಿನ ಮಟ್ಟ ಕೈಗೆಟುಕುತ್ತದೆ. ಬೇಸಿಕ್ ಬರೆದವರು ಪಿಯುಸಿ ಹಂತದಲ್ಲಿ ಗಣಿತ ಆಯ್ದುಕೊಳ್ಳುವಂತಿಲ್ಲ, ಬೇಕಿದ್ದರೆ ಪೂರಕ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಪಾಸು ಮಾಡಬೇಕು ಎಂಬುದು ಮೂಲ ನಿಯಮ. ಕೋವಿಡ್ ನಂತರದ ಹಲವು ವರ್ಷ ಮಂಡಳಿ ಇದನ್ನು ಸಡಿಲಿಸುತ್ತ ಬಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಮೊದಲ್ಗೊಂಡು ಎಲ್ಲ ವಿಷಯಗಳನ್ನೂ ಎರಡು ಮಟ್ಟದಲ್ಲಿ ಕೊಡಬಹುದು ಎನ್ನುತ್ತದೆ. ಕರ್ನಾಟಕದ ಎಸ್ಸೆಸ್ಸೆಲ್ಸಿ ಬೇರೆ ದಾರಿ ಹಿಡಿದಿದೆ: ಪ್ರಶ್ನೆಪತ್ರಿಕೆಯ ಮಟ್ಟ ಎಲ್ಲರಿಗೂ ಒಂದೇ, 2024ರಲ್ಲಿ ವರ್ಷಕ್ಕೆ ಮೂರು ಅವಕಾಶ ಕೊಡುವ ಪದ್ಧತಿ ಬಂತು.

ಆಯ್ಕೆಗೆ ಮುನ್ನ

ಯಾವ ದೇಶದ ಯಾವ ಮಂಡಳಿಯಾದರೂ ಮೊದಲು ನೋಡಬೇಕಾದದ್ದು ಮಗು ಮುಂದೆ ಓದಬೇಕೆಂದಿರುವ ಕೋರ್ಸ್ ಕೇಳುವ ಗ್ರೇಡನ್ನು. ಅದು ಕೆಳಗಿನ ಮಟ್ಟದ ಮಿತಿಯನ್ನು ಮೀರಿದ್ದರೆ ಮೇಲಿನ ಮಟ್ಟಕ್ಕೆ ಸಿದ್ಧವಾಗದೆ ಬೇರೆ ದಾರಿಯಿಲ್ಲ. ಪಾಸಾದರೆ ಸಾಕು ಎಂಬ ಸ್ಥಿತಿಯಿದ್ದರೆ ಎರಡೂ ಮಟ್ಟದ ಹಳೆಯ ಪತ್ರಿಕೆಗಳನ್ನು ಸಮಯ ಹಿಡಿದು ಬರೆಯಿಸಿ, ಅಂಕಗಳನ್ನು ಆಯಾ ವರ್ಷದ ಗ್ರೇಡ್ ಗಡಿಗಳಿಗೆ ಹೋಲಿಸಬೇಕು. ಹೈಯರ್‌ನಲ್ಲಿ ಒಮ್ಮೆ 4, ಒಮ್ಮೆ ಯು ಎಂದು ತೂಗಾಡುವ ಮಗುವಿಗೆ ಫೌಂಡೇಶನ್ ಕ್ಷೇಮ. ಫೌಂಡೇಶನ್‌ನಲ್ಲಿ ಪದೇ ಪದೇ 5 ತೆಗೆಯುವ ಮಗುವನ್ನು ಅಲ್ಲೇ ಉಳಿಸಿಕೊಳ್ಳುವುದು ನಷ್ಟ. ಈ ವಿಚಾರಣೆ ನಡೆಯಬೇಕಾದ ಕಾಲ ಹೆಸರು ಕಳಿಸುವ ಫೆಬ್ರುವರಿಯಲ್ಲ. ಸೆಟ್ ನಿರ್ಧಾರವಾಗುವ ಒಂಬತ್ತು, ಹತ್ತನೇ ವರ್ಷಗಳಲ್ಲೇ ಮಗು ಯಾವ ಮಟ್ಟದ ಪಾಠ ಕಲಿಯುತ್ತಿದೆ, ಸೆಟ್ ಬದಲಿಸಲು ಏನು ಮಾಡಬೇಕು ಎಂದು ಶಾಲೆಯನ್ನು ಕೇಳಿ ತಿಳಿದುಕೊಂಡರೆ ಬದಲಾವಣೆಗೆ ಸಮಯ ಉಳಿದಿರುತ್ತದೆ.